ಬಾಯಿಯ ಕ್ಯಾನ್ಸರ್ ಪತ್ತೆ: ವಿಧಾನಗಳನ್ನು ಒರೆಗೆ ಹಚ್ಚಿದಾಗ

ಒಂದು ಹನಿ ಜೊಲ್ಲಿನಿಂದ ಬಾಯಿಯ ಕ್ಯಾನ್ಸರನ್ನು ಪತ್ತೆ ಮಾಡಬಹುದು. ನೀಲಿ ಬೆಳಕು ಹಾಯಿಸಿದರೆ ರೋಗದ ಜಾಗ ಕಪ್ಪಾಗಿ ಕಾಣುತ್ತದೆ. ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರ ನೋಡಿ ಕಂಪ್ಯೂಟರೇ ರೋಗವನ್ನು ಗುರುತಿಸುತ್ತದೆ. ಇಂತಹ ಸುದ್ದಿಗಳನ್ನು ನೀವು ಆಗಾಗ ಓದಿರಬಹುದು. ಅವುಗಳ ಜೊತೆಗೆ 'ಶೇಕಡ 90ಕ್ಕೂ ಹೆಚ್ಚು ನಿಖರ' ಎಂಬ ಮಾತೂ ಸಾಮಾನ್ಯವಾಗಿ ಇರುತ್ತದೆ. ಈ ನಿಖರತೆಯನ್ನು ಯಾರ ಮೇಲೆ ಅಳೆದರು? ಅದರಿಂದ ಸಾವುಗಳು ಕಡಿಮೆಯಾದವೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸುದ್ದಿಯಲ್ಲಿ ಸಿಗುವುದು ಅಪರೂಪ.

ಈ ಪ್ರಶ್ನೆಗಳು ನಮಗೆ ದೂರದವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿಗೆ ಹೊಸದಾಗಿ ತುತ್ತಾದವರು ಸುಮಾರು 1.4 ಲಕ್ಷ ಮಂದಿ. ತಂಬಾಕು, ಅಡಿಕೆ ಮತ್ತು ಮದ್ಯ ಇದರ ಮುಖ್ಯ ಕಾರಣಗಳು. ನಮ್ಮ ಹಳ್ಳಿಗಳಲ್ಲಿ ಎಲೆ ಅಡಿಕೆಯೊಂದಿಗೆ ಕಡ್ಡಿಪುಡಿ ಹಾಕಿಕೊಳ್ಳುವ ಹೆಂಗಸರೂ ಈ ಅಪಾಯದ ವಲಯದಲ್ಲೇ ಇದ್ದಾರೆ.

ಮೂರು ಬೇರೆ ಬೇರೆ ಪ್ರಶ್ನೆಗಳು

ಪತ್ತೆಯ ವಿಧಾನಗಳನ್ನು ಅಳೆಯುವ ಮೊದಲು ಅವು ಯಾವ ಪ್ರಶ್ನೆಗೆ ಉತ್ತರ ಹೇಳುತ್ತವೆ ಎಂಬುದನ್ನು ತಿಳಿಯಬೇಕು. ಆರೋಗ್ಯವಾಗಿರುವಂತೆ ಕಾಣುವ ಜನರ ನಡುವೆ ಯಾರನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸಬೇಕು? ಇದು ತಪಾಸಣೆಯ ಪ್ರಶ್ನೆ. ಕಂಡಿರುವ ಈ ಹುಣ್ಣು ಅಥವಾ ಮಚ್ಚೆ ಕ್ಯಾನ್ಸರೇ? ಇದು ರೋಗನಿರ್ಣಯದ ಪ್ರಶ್ನೆ. ಕ್ಯಾನ್ಸರಾದರೆ ಎಷ್ಟು ಹರಡಿದೆ? ಇದು ಹಂತವನ್ನು ನಿರ್ಧರಿಸುವ ಪ್ರಶ್ನೆ. ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಣಗಳು ಮುಖ್ಯವಾಗಿ ಮೂರನೆಯದಕ್ಕೆ ಉಪಯುಕ್ತ. ಒಂದು ಪ್ರಶ್ನೆಗಾಗಿ ಪರೀಕ್ಷಿಸಿದ ವಿಧಾನವನ್ನು ಇನ್ನೊಂದಕ್ಕೆ ಉತ್ತರವೆಂದು ಮುಂದಿಟ್ಟಾಗ ಗೊಂದಲ ಹುಟ್ಟುತ್ತದೆ.

ಬಯಾಪ್ಸಿ ಮತ್ತು ಅದರ ಮಿತಿ

ಎರಡನೆಯ ಪ್ರಶ್ನೆಗೆ ಇಂದಿಗೂ ಅಂತಿಮ ಉತ್ತರ ಬಯಾಪ್ಸಿಯದು. ಸಂಶಯದ ಜಾಗದಿಂದ ಚಿಕ್ಕ ತುಣುಕೊಂದನ್ನು ತೆಗೆದು, ಫಾರ್ಮಲಿನ್‌ನಲ್ಲಿ ಸಂರಕ್ಷಿಸಿ, ಮೇಣದಲ್ಲಿ ಹುದುಗಿಸಿ, ತೆಳುವಾದ ಪದರಗಳಾಗಿ ಕತ್ತರಿಸುತ್ತಾರೆ. ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣಗಳನ್ನು ಹಾಕಿದಾಗ ಕೋಶಕೇಂದ್ರಗಳು ನೇರಳೆಯಾಗಿ, ಉಳಿದ ಭಾಗ ಗುಲಾಬಿಯಾಗಿ ಕಾಣುತ್ತದೆ. ಮೇಲ್ಪದರದ ವಿಕೃತ ಜೀವಕೋಶಗಳು ತಳಪೊರೆಯನ್ನು ಭೇದಿಸಿ ಕೆಳಗಿನ ಅಂಗಾಂಶಕ್ಕೆ ನುಗ್ಗಿವೆಯೇ ಎಂಬುದನ್ನು ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಗ್ಗಿದ್ದರೆ ಅದು ಕ್ಯಾನ್ಸರ್.

ಆದರೆ ಈ ವಿಧಾನವೂ ದೋಷರಹಿತವಲ್ಲ. ದೊಡ್ಡ ಮಚ್ಚೆಯ ಒಂದು ಮೂಲೆಯಲ್ಲಿ ಕ್ಯಾನ್ಸರ್ ಇದ್ದು, ತುಣುಕನ್ನು ಇನ್ನೊಂದು ಮೂಲೆಯಿಂದ ತೆಗೆದರೆ ರೋಗ ತಪ್ಪಿಹೋಗುತ್ತದೆ. ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳನ್ನು ಅಲ್ಪ, ಮಧ್ಯಮ, ತೀವ್ರ ಎಂದು ವಿಂಗಡಿಸುವಾಗ ಒಂದೇ ಸ್ಲೈಡನ್ನು ನೋಡಿದ ಇಬ್ಬರು ತಜ್ಞರ ಅಭಿಪ್ರಾಯ ಬೇರೆಯಾಗುವುದುಂಟು. ಹಾಗಾಗಿ ವರದಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದರೂ ಹುಣ್ಣು ಮಾಯದೆ ಉಳಿದರೆ ಮತ್ತೆ ಬಯಾಪ್ಸಿ ಮಾಡಬೇಕಾಗುತ್ತದೆ.

ಬಣ್ಣ ಮತ್ತು ಬೆಳಕು

ಟೊಲುಯಿಡಿನ್ ಬ್ಲೂ ಎಂಬ ಬಣ್ಣ ಡಿ.ಎನ್.ಎ.ಯಂತಹ ಆಮ್ಲೀಯ ವಸ್ತುಗಳಿಗೆ ಅಂಟಿಕೊಳ್ಳುತ್ತದೆ. ಜೀವಕೋಶಗಳು ದಟ್ಟವಾಗಿ ವಿಭಜಿಸುತ್ತಿರುವ ಜಾಗ ಗಾಢ ನೀಲಿಯಾಗುತ್ತದೆ. ಇನ್ನೊಂದು ವಿಧಾನದಲ್ಲಿ ಸುಮಾರು 400ರಿಂದ 460 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಬಾಯೊಳಗೆ ಹಾಯಿಸುತ್ತಾರೆ. ಆರೋಗ್ಯವಾದ ಲೋಳೆಪೊರೆಯಲ್ಲಿರುವ ಕೊಲಾಜನ್ ಮುಂತಾದವು ಈ ಬೆಳಕನ್ನು ಹೀರಿ ತಿಳಿ ಹಸಿರಾಗಿ ಪ್ರತಿದೀಪ್ತಿ ತೋರಿಸುತ್ತವೆ. ಕೆಟ್ಟ ಜಾಗ ಕಪ್ಪಾಗಿ ಉಳಿಯುತ್ತದೆ.

ಭೌತ ಮತ್ತು ರಸಾಯನ ವಿಜ್ಞಾನದ ದೃಷ್ಟಿಯಿಂದ ಇವೆರಡೂ ಸೊಗಸಾದ ಉಪಾಯಗಳು. ತೊಡಕು ಏನೆಂದರೆ, ಹಲ್ಲು ತಾಗಿ ಆದ ಸಾಮಾನ್ಯ ಹುಣ್ಣಿಗೂ ಬಣ್ಣ ಹಿಡಿಯುತ್ತದೆ. ಉರಿಯೂತವಿರುವ ಜಾಗವೂ ನೀಲಿ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ತಂಬಾಕು ಜಗಿಯುವವರ ಬಾಯಿಯಲ್ಲಿ ಉರಿಯೂತ ಸಾಮಾನ್ಯ. ಅಂದರೆ ಪರೀಕ್ಷೆ ಯಾರಿಗೆ ಹೆಚ್ಚು ಅಗತ್ಯವೋ ಅವರಲ್ಲೇ ಅದು ಹೆಚ್ಚು ಗೊಂದಲ ಮಾಡಬಲ್ಲದು. ಅಮೆರಿಕದ ದಂತವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ, ಸಂಶಯದ ಮಚ್ಚೆ ಕಂಡಾಗ ಬಣ್ಣ, ಬೆಳಕು, ಲಾಲಾರಸದ ಪರೀಕ್ಷೆಗಳನ್ನು ನೆಚ್ಚಿಕೊಳ್ಳದೆ ಬಯಾಪ್ಸಿಗೆ ಕಳುಹಿಸಬೇಕೆಂದು ಹೇಳಿತು.

ಶೇಕಡ 91ರ ಲೆಕ್ಕ

2004ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಸಂಶೋಧಕರು ಲಾಲಾರಸದಲ್ಲಿರುವ ಆರ್.ಎನ್.ಎ. ಅಣುಗಳಿಂದ ಬಾಯಿಯ ಕ್ಯಾನ್ಸರನ್ನು ಗುರುತಿಸಬಹುದೆಂದು ತೋರಿಸಿದರು. 32 ರೋಗಿಗಳು ಮತ್ತು 32 ಆರೋಗ್ಯವಂತರ ಮೇಲೆ ನಡೆದ ಆ ಅಧ್ಯಯನದಲ್ಲಿ ರೋಗವಿದ್ದವರನ್ನು ಗುರುತಿಸುವುದರಲ್ಲೂ, ಇಲ್ಲದವರನ್ನು ಬಿಡುವುದರಲ್ಲೂ ಪರೀಕ್ಷೆ ಶೇಕಡ 91ರಷ್ಟು ಸರಿಯಾಗಿತ್ತು. ಸಂಶೋಧನೆಯ ಮೊದಲ ಹೆಜ್ಜೆಯಾಗಿ ಇದು ಉತ್ತಮ ಫಲಿತಾಂಶ.

ಇದೇ ಪರೀಕ್ಷೆಯನ್ನು ಈಗ 10,000 ವಯಸ್ಕರಿರುವ ಊರಿಗೆ ಒಯ್ಯೋಣ. ಲೆಕ್ಕಕ್ಕಾಗಿ ಅವರಲ್ಲಿ 20 ಜನರಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಅವರಲ್ಲಿ 18 ಜನರನ್ನು ಹಿಡಿಯುತ್ತದೆ. ಉಳಿದ 9,980 ಆರೋಗ್ಯವಂತರಲ್ಲಿ ಶೇಕಡ 9, ಅಂದರೆ ಸುಮಾರು 898 ಜನರಿಗೂ ರೋಗವಿದೆ ಎನ್ನುತ್ತದೆ. ಒಟ್ಟು 916 ಜನರಲ್ಲಿ ನಿಜವಾದ ರೋಗಿಗಳು 18, ನೂರಕ್ಕೆ ಇಬ್ಬರು. ಈ ಲೆಕ್ಕವನ್ನು ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೇ ಮಾಡಿಸಿ ನೋಡಿ. ರೋಗಿಗಳ ಸಂಖ್ಯೆಯನ್ನು 20ರ ಬದಲು 5,000 ಎಂದು ಬದಲಿಸಿದರೆ ಅದೇ ಪರೀಕ್ಷೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.

ಇನ್ನೊಂದು ತೊಂದರೆಯೂ ಇದೆ. ಲಾಲಾರಸ ಪರೀಕ್ಷೆ ರೋಗವಿದೆ ಎಂದಿತು, ಬಾಯಿಯಲ್ಲಿ ಏನೂ ಕಾಣುತ್ತಿಲ್ಲ. ವೈದ್ಯರು ಬಯಾಪ್ಸಿಗೆ ತುಣುಕನ್ನು ಎಲ್ಲಿಂದ ತೆಗೆಯಬೇಕು?

ಕಣ್ಣು ಮತ್ತು ಟಾರ್ಚು

ಇನ್ನು ಅತ್ಯಂತ ಹಳೆಯ ವಿಧಾನಕ್ಕೆ ಬರೋಣ. ಒಳ್ಳೆಯ ಬೆಳಕಿನಲ್ಲಿ ತುಟಿ, ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಅಂಚು, ನಾಲಿಗೆಯ ಅಡಿ, ಅಂಗುಳಗಳನ್ನು ನೋಡುವುದು, ಬೆರಳಿನಿಂದ ಮುಟ್ಟಿ ಗಟ್ಟಿತನ ಗಮನಿಸುವುದು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ದೊಡ್ಡ ಪ್ರಯೋಗ ಇದನ್ನು ಒರೆಗೆ ಹಚ್ಚಿತು. 13 ಪ್ರದೇಶಗಳಲ್ಲಿ 35 ವರ್ಷ ಮೀರಿದ ಸುಮಾರು 1.9 ಲಕ್ಷ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಬಾಯಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಪರೀಕ್ಷಿಸಿದರು. ಶಂಕರನಾರಾಯಣನ್ ಮತ್ತು ಸಂಗಡಿಗರು 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು.

ಈ ಪ್ರಯೋಗವನ್ನೂ ವಿಮರ್ಶೆಯಿಲ್ಲದೆ ಒಪ್ಪಬೇಕಾಗಿಲ್ಲ. ಎಲ್ಲ ಜನರನ್ನೂ ಸೇರಿಸಿ ನೋಡಿದಾಗ ಸಾವಿನ ಇಳಿಕೆ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಾಗಿರಲಿಲ್ಲ. ಪರೀಕ್ಷೆಗೆ ಒಳಗಾದ 87,655 ಜನರಲ್ಲಿ 5,145 ಮಂದಿಯ ಬಾಯಿಯಲ್ಲಿ ಸಂಶಯದ ಲಕ್ಷಣ ಕಂಡಿತು. ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರಲಿಲ್ಲ. ಆದರೂ ಇಲ್ಲಿ ಒಂದು ಅನುಕೂಲವಿದೆ: ಸಂಶಯದ ಜಾಗ ಕಣ್ಣೆದುರಿಗೇ ಇರುತ್ತದೆ. ಹೆಚ್ಚು ಯೋಚಿಸಬೇಕಾದ ಅಂಕಿ ಇನ್ನೊಂದು. ಆ 5,145 ಜನರಲ್ಲಿ ಮುಂದಿನ ಪರೀಕ್ಷೆಗೆ ಹೋದವರು 3,218 ಮಾತ್ರ, ಶೇಕಡ 63. ಉಳಿದವರನ್ನು ವೈದ್ಯರ ಬಳಿಗೆ ತಲುಪಿಸುವ ಕೆಲಸವನ್ನು ಯಾವ ಬಣ್ಣವೂ, ಬೆಳಕೂ ಮಾಡಲಾರವು.

ಕೊರತೆ ಎಲ್ಲಿದೆ?

30 ವರ್ಷ ಮೀರಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಕಾರ್ಯಸೂಚಿ ಹೊರಡಿಸಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದವರಲ್ಲಿ ಎಂದಾದರೂ ಇಂತಹ ಪರೀಕ್ಷೆಗೆ ಒಳಗಾದ ಹೆಂಗಸರು ಶೇಕಡ 0.9, ಗಂಡಸರು ಶೇಕಡ 1.2. ಟಾರ್ಚಿನ ಪರೀಕ್ಷೆಯೇ ನೂರಕ್ಕೆ ಒಬ್ಬರನ್ನು ಮಾತ್ರ ತಲುಪಿರುವಾಗ ದುಬಾರಿ ಉಪಕರಣವೊಂದು ಎಷ್ಟು ಜನರನ್ನು ತಲುಪೀತು?

ಹೊಸ ಸಂಶೋಧನೆ ಬೇಡವೆಂದು ಇದರ ಅರ್ಥವಲ್ಲ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ತೆಗೆದ ಚಿತ್ರವನ್ನು ದೂರದ ತಜ್ಞರಿಗೆ ಕಳುಹಿಸಲು ಮೊಬೈಲ್ ಫೋನ್ ನೆರವಾದರೆ ಅದು ನಿಜವಾದ ಕೊರತೆಯನ್ನೇ ತುಂಬುತ್ತದೆ. ಆದರೆ ಪ್ರತಿ ಹೊಸ ವಿಧಾನವನ್ನೂ ನಾವು ಕೇಳಬೇಕು: ಇದನ್ನು ಎಂತಹ ಜನರ ಮೇಲೆ ಪರೀಕ್ಷಿಸಿದ್ದಾರೆ? ಬಯಾಪ್ಸಿಯೊಂದಿಗೆ ಹೋಲಿಸಿದ್ದಾರೆಯೇ? ಬರಿಗಣ್ಣಿನ ಪರೀಕ್ಷೆಗಿಂತ ಇದು ಹೆಚ್ಚೇನು ಹೇಳುತ್ತದೆ? ಸಂಶಯ ಬಂದವರಿಗೆ ಮುಂದಿನ ದಾರಿ ಇದೆಯೇ?

ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂತಹ ಕೆಂಪು ಮಚ್ಚೆ, ದಿನೇ ದಿನೇ ಬಾಯಿ ತೆರೆಯಲು ಆಗುವ ಕಷ್ಟ - ಈ ನಾಲ್ಕು ಲಕ್ಷಣಗಳನ್ನು ಮನೆಯವರಿಗೆ ತಿಳಿಸಿ. ಇವುಗಳಲ್ಲಿ ಯಾವುದಾದರೂ ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ಹತ್ತಿರದ ದಂತವೈದ್ಯರಿಗೆ ತೋರಿಸಲು ಹೇಳಿ. ಆರಂಭದಲ್ಲಿ ಈ ರೋಗ ಸಾಮಾನ್ಯವಾಗಿ ನೋಯುವುದಿಲ್ಲ.