ನಾಯಕನು ತೀರಿಹೋದ ಮೇಲೂ ಉಳಿದ ಕಥೆ

ಚಲನಚಿತ್ರವೊಂದು ಮುಗಿಯಲು ಇನ್ನೂ ಮೂರನೆಯ ಒಂದು ಭಾಗ ಉಳಿದಿರುವಾಗಲೇ ಕಥಾನಾಯಕನು ತೀರಿಹೋದರೆ, ಚಿತ್ರಕಥೆ ಬರೆಯುವವನಿಗೆ ಹೇಳಲು ಏನು ಉಳಿದೀತು? ಜಪಾನಿನ ಅಕಿರ ಕುರೊಸಾವ 1952ರಲ್ಲಿ ನಿರ್ದೇಶಿಸಿದ ‘ಇಕಿರು’ ಚಿತ್ರ ಈ ಪ್ರಶ್ನೆಗೆ ಉತ್ತರ ನೀಡುತ್ತದೆ. ಹೆಸರಿನ ಅರ್ಥ ‘ಬದುಕುವುದು’. ಟಾಲ್‌ಸ್ಟಾಯ್ ಅವರ ‘ಇವಾನ್ ಇಲಿಚ್‌ನ ಸಾವು’ ಕಥೆಯಿಂದ ಪ್ರೇರಣೆ ಪಡೆದ ಇದರ ಚಿತ್ರಕಥೆಯನ್ನು ಕುರೊಸಾವ, ಶಿನೊಬು ಹಾಶಿಮೊಟೊ ಮತ್ತು ಹಿದೆಯೊ ಒಗುನಿ ಕೂಡಿ ಬರೆದರು.

ನಾಯಕ ವಾತನಾಬೆ ಸುಮಾರು ಮೂವತ್ತು ವರ್ಷ ಕಡತಗಳಿಗೆ ಮುದ್ರೆಯೊತ್ತುತ್ತ ಕುಳಿತ ನಗರಾಡಳಿತದ ಅಧಿಕಾರಿ. ಕೊಚ್ಚೆಗುಂಡಿಯನ್ನು ಮುಚ್ಚಿಸಿ ಮಕ್ಕಳಿಗೊಂದು ಉದ್ಯಾನ ಮಾಡಿಕೊಡಿರೆಂದು ಬಂದ ತಾಯಂದಿರನ್ನು ಅವನ ಕಚೇರಿ ಬೇರೆ ವಿಭಾಗಕ್ಕೆ ಸಾಗಹಾಕುತ್ತದೆ. ಅವರು ಒಂದೊಂದೇ ಮೇಜಿನ ಮುಂದೆ ನಿಂತು, ಕೊನೆಗೆ ಹೊರಟಲ್ಲಿಗೇ ಮರಳುತ್ತಾರೆ. ಆಡಳಿತದ ಜಡತೆಯ ಬಗ್ಗೆ ಭಾಷಣವಿಲ್ಲ. ಈ ಅಲೆದಾಟವೇ ಎಲ್ಲವನ್ನೂ ಹೇಳಿಬಿಡುತ್ತದೆ.

ಸಂಭಾಷಣೆಯ ಜಾಣ್ಮೆಗೆ ಆಸ್ಪತ್ರೆಯ ದೃಶ್ಯವೊಂದೇ ಸಾಕು. ಹೊಟ್ಟೆಯ ಕ್ಯಾನ್ಸರ್ ಇರುವವರಿಗೆ ವೈದ್ಯರು ಯಾವ ಮಾತು ಹೇಳುತ್ತಾರೆಂಬುದನ್ನು ಕಾಯುತ್ತ ಕುಳಿತ ಇನ್ನೊಬ್ಬ ರೋಗಿ ವಾತನಾಬೆಗೆ ಮೊದಲೇ ವಿವರಿಸುತ್ತಾನೆ: ಸಾಧಾರಣ ಹುಣ್ಣು, ಹೆದರಬೇಡಿ ಎನ್ನುತ್ತಾರಂತೆ. ಒಳಗೆ ಹೋದಾಗ ವೈದ್ಯರು ಅದನ್ನೇ ಹೇಳುತ್ತಾರೆ. ಬಾಯಿ ಸುಳ್ಳನ್ನು ನುಡಿಯುತ್ತಿರುವಾಗಲೇ ಕಿವಿಗೆ ಸತ್ಯ ಕೇಳಿಸುತ್ತದೆ.

ಮೋಜಿನಲ್ಲಿ ಸುಖ ಹುಡುಕಿ ಸೋತ ವಾತನಾಬೆ, ಆ ಉದ್ಯಾನವನ್ನು ಕಟ್ಟಿಸಬೇಕೆಂದು ಎದ್ದು ನಿಲ್ಲುತ್ತಾನೆ. ಇನ್ನು ಹೋರಾಟದ ದೃಶ್ಯಗಳು ಬರುತ್ತವೆಂದು ನಾವು ಕಾದು ಕುಳಿತಾಗ, ಐದು ತಿಂಗಳ ಬಳಿಕ ಅವನು ಸತ್ತನೆಂದು ನಿರೂಪಕನು ತಣ್ಣಗೆ ತಿಳಿಸುತ್ತಾನೆ. ಮುಂದಿನದು ಸತ್ತವನ ಮನೆ. ಉಪಮೇಯರರು ಉದ್ಯಾನದ ಶ್ರೇಯಸ್ಸನ್ನು ತಾವೇ ಪಡೆಯುತ್ತಾರೆ. ಅಷ್ಟರಲ್ಲಿ ಆ ತಾಯಂದಿರು ಬಂದು, ಮಾತಿಲ್ಲದೆ ಅತ್ತು, ಧೂಪವಿಟ್ಟು ಹೋಗುತ್ತಾರೆ. ಅವರ ಕಣ್ಣೀರಿನ ಮುಂದೆ ಅಧಿಕಾರಿಗಳ ವಾದ ಕುಸಿಯುತ್ತದೆ.

ಉಳಿದದ್ದು ತುಣುಕು ನೆನಪುಗಳು. ಒಬ್ಬನು ಕಂಡದ್ದು ಇನ್ನೊಬ್ಬನಿಗೆ ತಿಳಿಯದು. ಹಿಮ ಸುರಿಯುವ ರಾತ್ರಿ ಅವನು ಉದ್ಯಾನದ ಉಯ್ಯಾಲೆಯಲ್ಲಿ ಹಾಡುತ್ತ ಕುಳಿತಿದ್ದನೆಂದು ಪೊಲೀಸನೊಬ್ಬ ಹೇಳುತ್ತಾನೆ. ಕುಡಿದವನೆಂದು ಭಾವಿಸಿ ಸುಮ್ಮನಾದೆನೆಂದು ಪರಿತಪಿಸುತ್ತಾನೆ. ಒಳ್ಳೆಯ ಕೆಲಸವನ್ನು ಮಾಡಿದವನ ಬಾಯಿಂದಲೇ ಹೇಳಿಸಿದ್ದರೆ ಅದು ಆತ್ಮಪ್ರಶಂಸೆಯಾಗುತ್ತಿತ್ತು. ಸಾಕ್ಷಿಗಳ ಬಾಯಿಂದ, ಅದೂ ಮನಸ್ಸಿಲ್ಲದವರ ಬಾಯಿಂದ ಹೇಳಿಸಿದ್ದರಿಂದ ಅದು ಸತ್ಯವಾಯಿತು. ಚಿತ್ರಕಥೆಯೆಂದರೆ ಏನನ್ನು ತೋರಿಸಬೇಕೆಂಬ ತಿಳಿವಳಿಕೆ ಮಾತ್ರವಲ್ಲ, ಏನನ್ನು ಮರೆಯಲ್ಲಿಡಬೇಕೆಂಬ ಸಂಯಮವೂ ಹೌದು.

ಕೊರತೆಯಿಲ್ಲವೆಂದಲ್ಲ. ಆರಂಭದ ನಿರೂಪಕನು ಈತ ಬದುಕಿಯೇ ಇಲ್ಲವೆಂದು ನಮಗೆ ಹೇಳಿಕೊಡುವುದು ಅನಗತ್ಯ. ಕಡತದ ರಾಶಿಯೇ ಅದನ್ನು ಸಾರುತ್ತಿತ್ತು. ಸಾವಿನ ಮನೆಯ ಚರ್ಚೆಯೂ ಅಲ್ಲಲ್ಲಿ ಎಳೆದಂತಿದೆ. ಆದರೂ ಈ ರಚನೆಯ ಬಲ ದೊಡ್ಡದು. 2022ರಲ್ಲಿ ‘ಲಿವಿಂಗ್’ ಎಂಬ ಹೆಸರಿನಲ್ಲಿ ಕಥೆಯನ್ನು ಲಂಡನ್ನಿಗೆ ಒಯ್ದ ಕಾದಂಬರಿಕಾರ ಕಜುವೊ ಇಶಿಗುರೊ ಕೂಡ, ನಾಯಕನ ಸಾವಿನಾಚೆಗೂ ಕಥೆ ನಡೆಯುವ ಈ ಕ್ರಮವನ್ನು ಬಿಡಲಿಲ್ಲ.

ಕೊನೆಗೆ, ಮದ್ಯದ ಅಮಲಿನಲ್ಲಿ ಸಹೋದ್ಯೋಗಿಗಳೆಲ್ಲ ಇನ್ನು ತಾವೂ ಅವನಂತೆ ದುಡಿಯುವೆವೆಂದು ಶಪಥ ಮಾಡುತ್ತಾರೆ. ಮತ್ತೆ ಕಚೇರಿ ತೆರೆದಾಗ ಹೊಸ ಮನವಿಯೊಂದು ಬೇರೆ ವಿಭಾಗಕ್ಕೆ ಸಾಗುತ್ತದೆ. ಒಬ್ಬನು ಮಾತ್ರ ಪ್ರತಿಭಟಿಸಲು ಎದ್ದು ನಿಲ್ಲುತ್ತಾನೆ. ಮತ್ತೆ ಕುಳಿತು ಕಡತಗಳ ಹಿಂದೆ ಮರೆಯಾಗುತ್ತಾನೆ. ಅಲ್ಲಿಯವರೆಗೆ ಸತ್ತವನಿಗಾಗಿ ಮರುಗಿದ ನಮ್ಮನ್ನು ಚಿತ್ರಕಥೆ ಮೆಲ್ಲನೆ ಆ ಕುರ್ಚಿಯಲ್ಲಿ ಕೂರಿಸುತ್ತದೆ. ಓದುಗರೇ, ಚಿತ್ರಮಂದಿರದಲ್ಲಿ ನಾವೂ ಎಷ್ಟೋ ಬಾರಿ ಕಣ್ಣೊರೆಸಿಕೊಂಡು ಶಪಥ ಮಾಡಿದ್ದೇವೆ. ಮರುದಿನ ಬೆಳಿಗ್ಗೆ ಎದ್ದು ನಿಂತವರು ಎಷ್ಟು ಮಂದಿ?