ಕೂದಲೆಳೆಯಷ್ಟು ತೂತು

2011ರಲ್ಲಿ ಬಂದ ಹೀರೋ ಇಂಪಲ್ಸ್ ಈಗ ಶೋರೂಮಿನಲ್ಲಿಲ್ಲ. ಆದರೂ ಮಲೆನಾಡಿನ ಕಲ್ಲುದಾರಿಗೆ ಹೇಳಿಮಾಡಿಸಿದ ಮೈಕಟ್ಟು ಅದರದು: 149 ಸಿಸಿ ಎಂಜಿನ್, ಮುಂದೆ 19 ಇಂಚಿನ ಚಕ್ರ, ಹಿಂದೆ 17, ಎತ್ತರದ ಮಡ್‌ಗಾರ್ಡು.

ನನಗೆ ಸಿಕ್ಕಿದ್ದು ಎರಡು ಮಳೆಗಾಲ ಶೆಡ್ಡಿನಲ್ಲಿ ಮಲಗಿದ್ದ ಸೆಕೆಂಡ್‌ಹ್ಯಾಂಡ್ ಗಾಡಿ. ಚೋಕ್ ಎಳೆದರೆ ಸ್ಟಾರ್ಟ್, ಬಿಟ್ಟರೆ ಆಫ್. ಹೊಸಬನಾದ ನಾನು ಪ್ಲಗ್ ಬದಲಿಸಿದೆ, ಬ್ಯಾಟರಿಯನ್ನು ಬೈದೆ. ಪಕ್ಕದ ಗ್ಯಾರೇಜಿನ ಅಣ್ಣ ನಕ್ಕರು: "ಕಾರ್ಬುರೇಟರ್ ಬಿಚ್ಚು ಮಾರಾಯ. ನಿಂತ ಪೆಟ್ರೋಲು ಅಂಟಾಗ್ತದೆ."

ಬಿಚ್ಚಿದರೆ, ಕಾರ್ಬುರೇಟರಿನ ತಳದ ಪೆಟ್ರೋಲು ಬೌಲಿನಲ್ಲಿ ಹಳದಿ ಅಂಟು. ಒಳಗೆ ಹಿತ್ತಾಳೆಯ ಪುಟ್ಟ ಪೈಲಟ್ ಜೆಟ್, ಅದರಲ್ಲಿ ಕೂದಲೆಳೆಯಷ್ಟು ತೂತು. ಎಂಜಿನ್ ಐಡಲ್‌ನಲ್ಲಿ ಉಸಿರಾಡುವುದು ಅದರ ಕೃಪೆಯಿಂದ. ಅದು ಕಟ್ಟಿಕೊಂಡರೆ ಪೆಟ್ರೋಲು ಸಾಲದು. ಚೋಕ್ ಗಾಳಿಯನ್ನು ತಡೆದು ಆ ಕೊರತೆಯನ್ನು ಮುಚ್ಚುತ್ತಿತ್ತು, ಅಷ್ಟೆ. ಸೂಜಿ ಚುಚ್ಚಹೊರಟ ನನ್ನ ಕೈಯನ್ನು ಅಣ್ಣ ಹಿಡಿದರು. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಅಳತೆಯೇ ಕೆಟ್ಟೀತು. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದೆವು. ಬೆಳಕಿಗೆ ಹಿಡಿದಾಗ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ ಮಿನುಗಿತು.

ಬಿಚ್ಚಿದ ಕ್ರಮದಲ್ಲೇ ಬೋಲ್ಟುಗಳನ್ನು ಬಟ್ಟೆಯ ಮೇಲೆ ಸಾಲಾಗಿಡುವುದು, ಮೊದಲು ಬೆರಳಲ್ಲಿ ತಿರುಗಿಸಿ ಆಮೇಲೆ ಸ್ಪ್ಯಾನರ್ ಹಾಕುವುದು, ಚೈನನ್ನು ತೀರಾ ಬಿಗಿಯದೆ ತುಸು ಸಡಿಲ ಬಿಡುವುದು ಎಲ್ಲವನ್ನೂ ಆ ಗಾಡಿಯೇ ಕಲಿಸಿತು. ಕಾರ್ಬುರೇಟರ್ ಗಾಡಿಯ ದೊಡ್ಡ ಗುಣವೇ ಇದು: ತನ್ನ ಕಾಯಿಲೆಯನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ.

ನಿಮ್ಮ ಬಳಿಯೂ ಅಂಥದ್ದೊಂದಿದ್ದರೆ, ಮಳೆಗಾಲಕ್ಕೆ ಮೂಲೆಗೆ ನಿಲ್ಲಿಸುವ ಮುನ್ನ ಬೌಲಿನ ಪೆಟ್ರೋಲು ಇಳಿಸಿಡಿ.