ಪ್ರತಿ, ಪಾಠ, ಕಳವು: ಅಪರಾಧ ಕಾದಂಬರಿಗೆ ಒದಗದೆ ಉಳಿದ ಒಂದು ವಸ್ತು

ಪ್ರಸ್ತುತ ಬರಹಕ್ಕೆ ನಿಮಿತ್ತವಾದುದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ನಮ್ಮ ಕಣ್ಣಿಗೆ ಬಿದ್ದ ಒಂದು ಜೆರಾಕ್ಸ್ ಕಟ್ಟು. ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುವವರಿಂದ ತುಂಬಿರುವ ಆ ಬಡಾವಣೆಯಲ್ಲಿ ಪುಸ್ತಕ ವ್ಯಾಪಾರವೆಂಬುದು ಬಹುಮಟ್ಟಿಗೆ ಪ್ರತಿ ತೆಗೆಯುವ ವ್ಯಾಪಾರ. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ 'ವಡ್ಡಾರಾಧನೆ'ಯ ಎರಡು ಕಥೆಗಳು ಪಠ್ಯ. ಅವುಗಳಲ್ಲಿ ಒಂದು ವಿದ್ಯುಚ್ಚೋರನದು. ನಾವು ಕಂಡ ಕಟ್ಟಿನಲ್ಲಿ ಶೀರ್ಷಿಕೆಯ ಪುಟವಿರಲಿಲ್ಲ, ಸಂಪಾದಕರ ಹೆಸರಿರಲಿಲ್ಲ. ಬಲ ಅಂಚಿನ ಒಂದೆರಡು ಅಕ್ಷರಗಳು ಯಂತ್ರಕ್ಕೆ ಸಿಗದೆ ಹೋಗಿ, ಅವನ್ನು ಯಾರೋ ಊಹೆಯಿಂದ ಪೆನ್ನಿನಲ್ಲಿ ತುಂಬಿದ್ದರು. ಊಹೆ ಕೆಲವೆಡೆ ತಪ್ಪಿತ್ತು. ಅದರಿಂದ ತೆಗೆದ ಮುಂದಿನ ಪ್ರತಿಗಳಲ್ಲಿ ಆ ತಪ್ಪೂ ಮೂಲಪಾಠದ ಮರ್ಯಾದೆಯನ್ನು ಪಡೆದಿರುತ್ತದೆ.

ಕಳ್ಳನ ಕಥೆ ಇಂಥ ಪ್ರತಿಯಲ್ಲಿ ಓದಿಸಿಕೊಳ್ಳುತ್ತಿರುವುದು ವಿನೋದವೆನಿಸಿದರೂ ಆ ಕಥೆ ನಮ್ಮ ಚರ್ಚೆಗೆ ನಿಜವಾಗಿಯೂ ಪ್ರಸ್ತುತ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಈ ಪ್ರಾಚೀನ ಗದ್ಯಕೃತಿಯಲ್ಲಿ ಕಳ್ಳನಾದ ವಿದ್ಯುಚ್ಚೋರನೂ ತಳಾರನಾದ ಯಮದಂಡನೂ ಬಾಲ್ಯದ ಗೆಳೆಯರು. ಒಬ್ಬನು ಕಳ್ಳವಿದ್ಯೆಯನ್ನು ಕಲಿತರೆ ಇನ್ನೊಬ್ಬನು ಕಳ್ಳನನ್ನು ಹಿಡಿಯುವ ವಿದ್ಯೆಯನ್ನು ಕಲಿತವನು. ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ಇರುಳು ಅರಸನ ಹಾರವನ್ನು ಕದಿಯುವವನು ಸಿಕ್ಕಿಬಿದ್ದ ಮೇಲೂ ಹಿಂಸೆಗೆ ಬಾಯಿ ಬಿಡುವುದಿಲ್ಲ. ಅರಸನಿಂದ ಅಭಯ ದೊರೆತಾಗ ತಾನಾಗಿ ಒಪ್ಪುತ್ತಾನೆ. ಅಪರಾಧಿ ಯಾರೆಂಬ ಪ್ರಶ್ನೆಗಿಂತ ಅವನು ಏಕೆ ಕದ್ದನೆಂಬ ಪ್ರಶ್ನೆ ಇಲ್ಲಿ ದೊಡ್ಡದು. ಕನ್ನಡದ ಆಧುನಿಕ ಪತ್ತೇದಾರಿ ಕಾದಂಬರಿ ಈ ಎರಡನೆಯ ಪ್ರಶ್ನೆಯನ್ನು ಬೆಳೆಸಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಗ್ರಂಥವೇ ಕಳವಿನ ವಸ್ತುವಾದ ಕಾದಂಬರಿಗಳು ಇಂಗ್ಲಿಷಿನಲ್ಲಿ ಒಂದು ಒಳಪ್ರಕಾರವಾಗಿಯೇ ಬೆಳೆದಿವೆ. ಜಾನ್ ಡನಿಂಗ್‌ನ 'ಬುಕ್ಡ್ ಟು ಡೈ' (1992) ಇದರ ಪ್ರಸಿದ್ಧ ನಿದರ್ಶನ. ಡೆನ್ವರ್ ನಗರದ ಪೊಲೀಸ್ ಅಧಿಕಾರಿಯೊಬ್ಬನು ನೌಕರಿ ಬಿಟ್ಟು ಹಳೆಯ ಪುಸ್ತಕಗಳ ವ್ಯಾಪಾರಿಯಾಗುವ ಆ ಕೃತಿಯಲ್ಲಿ ಪುಸ್ತಕ ಸರಕು. ಮೊದಲ ಮುದ್ರಣವೇ, ಹೊದಿಕೆ ಕೆಡದಿದೆಯೇ ಎಂಬುದರಿಂದ ಅದರ ಬೆಲೆ. ಒಳಗೆ ಏನಿದೆಯೆಂಬುದು ಗೌಣ. ಈ ಮಾದರಿಯನ್ನು ಕನ್ನಡಕ್ಕೆ ಹಾಗೆಯೇ ತರಲು ಸಾಧ್ಯವಿಲ್ಲ. ನಮ್ಮ ಹಸ್ತಪ್ರತಿಗಳ ಬದುಕು ಬೇರೆ ಬಗೆಯದು.

ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವುದು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' (1994). ಏಲಕ್ಕಿಯ ವ್ಯವಹಾರ, ಮಲೆನಾಡಿನ ಕಳ್ಳಜಾಲ, ಅದರ ನಡುವೆ ಸಿಕ್ಕ ಯುವ ದಂಪತಿ, ಇವುಗಳ ಜೊತೆಗೆ ಹಳಗನ್ನಡ ಕೃತಿಯೊಂದರ ಒಗಟೂ ಅಲ್ಲಿ ಹೆಣೆದುಕೊಂಡಿದೆ. ಆದರೆ ಆ ಕೃತಿ ಕೆಂಪುಕಲ್ಲುಗಳ ನಿಧಿಗೆ ಬೀಗದ ಕೈ ಮಾತ್ರ; ಬೀಗ ತೆರೆದ ಮೇಲೆ ಕೈಗೆ ಕೆಲಸವಿಲ್ಲ. ತೇಜಸ್ವಿಯವರ ಗುರಿ ಕಾಡು ಹಾಳಾಗುವ ಬಗೆಯನ್ನು ಕಾಣಿಸುವುದಾದ್ದರಿಂದ ಇದನ್ನು ದೋಷವೆನ್ನಲಾರೆವು. ಆದರೂ ಅಕ್ಷರವೇ ನಿಧಿಯಾಗಬಲ್ಲ ಕಥೆ ಅದೇ ಘಟ್ಟದ ಕೆಳಗೆ, ಮೂಡಬಿದಿರೆಯಲ್ಲಿ, ಆಗಲೇ ನಡೆದುಹೋಗಿತ್ತು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ, ಜಯಧವಲಾ ಗ್ರಂಥಗಳ ತಾಳೆಗರಿಗಳು ದಿಗಂಬರ ಜೈನರ ಆಗಮಸಾಹಿತ್ಯದ ಅಳಿದುಳಿದ ಆಧಾರ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಭಕ್ತರಿಗೆ ಅವುಗಳ ದರ್ಶನವಿತ್ತು, ಓದು ಇರಲಿಲ್ಲ. ಸೊಲ್ಲಾಪುರದ ಹೀರಾಚಂದ ನೇಮಚಂದರು ಮೊದಲಾದವರ ಪ್ರಯತ್ನದಿಂದ 19ನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕಾರ್ಯ ಆರಂಭವಾಯಿತು. ಆದರೆ ನಕಲುಗಳೂ ಬಸದಿಯಿಂದ ಹೊರಗೆ ಹೋಗಕೂಡದೆಂಬ ಕಟ್ಟು ಇತ್ತು. ನಕಲಿನ ಕಾರ್ಯದಲ್ಲಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದನ್ನು ಹೀರಾಚಂದರ ಬಳಿಗೆ ಒಯ್ದಾಗ ಅವರು ಕೊಳ್ಳಲು ಒಪ್ಪಲಿಲ್ಲ. ಕೊಂಡವರು ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ನೇಮಕಗೊಂಡ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಒಂದು ಪ್ರತಿಯನ್ನು ಗುಟ್ಟಾಗಿ ಉಳಿಸಿಕೊಂಡರು. ಕದ್ದದ್ದನ್ನೇ ಮತ್ತೆ ಕದ್ದಂತಾಯಿತು! ಅದರಿಂದ ಆರಾ, ಕಾರಂಜಾ ಮೊದಲಾದ ಊರುಗಳಿಗೆ ಪ್ರತಿಗಳು ಹರಡಿದವು. ಹೀರಾಲಾಲ ಜೈನರು ಈ ವಂಶದ ಪ್ರತಿಗಳನ್ನು ಹಿಡಿದೇ 1939ರಲ್ಲಿ ಧವಲಾಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದರು. ಒಟ್ಟು 16 ಸಂಪುಟಗಳ ಆ ಮಹಾಕಾರ್ಯದ ಬೇರು ಒಂದು ವಚನಭಂಗದಲ್ಲಿದೆ.

ಇಲ್ಲಿ ಅಪರಾಧ ಕಾದಂಬರಿಯ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಬಸದಿಯ ಒಂದು ಗರಿಯೂ ಕಾಣೆಯಾಗಲಿಲ್ಲ. ಕಳೆದದ್ದು ತನ್ನಲ್ಲಿ ಮಾತ್ರ ಇದೆಯೆಂಬ ಹಕ್ಕು. ಹಾಗೆಂದು ಇದನ್ನು ನಿರಪಾಯದ ಕಳವೆಂದು ಹೊಗಳುವುದೂ ಸಲ್ಲದು. ಕಾವಲಿದ್ದವರ ಭಯಕ್ಕೆ ಆಧಾರವಿತ್ತೆಂಬುದನ್ನು ಮೊದಲ ಸಂಪುಟದ 93ನೆಯ ಸೂತ್ರವೇ ತೋರಿಸುತ್ತದೆ. ಮನುಷ್ಯಿಣಿಯರಿಗೆ ಯಾವ ಗುಣಸ್ಥಾನಗಳು ಸಲ್ಲುತ್ತವೆಂದು ಹೇಳುವ ಆ ಸೂತ್ರದಲ್ಲಿ 'ಸಂಜದ', ಎಂದರೆ ಸಂಯತ, ಎಂಬ ಪದ ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಅದು ಇರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಒಂದು ಪದಕ್ಕೆ ಇಷ್ಟೇಕೆ ಗದ್ದಲವೆಂದು ಹೊರಗಿನವರಿಗೆ ತೋರಬಹುದು. ಸ್ತ್ರೀಯರಿಗೆ ಪೂರ್ಣ ಸಂಯಮವೂ ಆ ಮೂಲಕ ಮೋಕ್ಷವೂ ಉಂಟೇ ಎಂಬ, ದಿಗಂಬರ ಶ್ವೇತಾಂಬರರನ್ನು ಬೇರ್ಪಡಿಸುವ ಪ್ರಶ್ನೆಯೇ ಅದಕ್ಕೆ ಜೋತುಬಿದ್ದಿತ್ತು. ವಿದ್ವಾಂಸರಲ್ಲಿ ವಾದ ಬೆಳೆಯಿತು. ಕೊನೆಗೆ ಮೂಡಬಿದಿರೆಯ ತಾಳೆಗರಿಯನ್ನು ನೋಡಿದಾಗ ಪದ ಅಲ್ಲಿತ್ತು. ಅದು ದೇಹದಿಂದ ಸ್ತ್ರೀಯಾದವಳಿಗೋ ಭಾವದಿಂದ ಮಾತ್ರ ಸ್ತ್ರೀಯಾದವನಿಗೋ ಎಂಬ ವ್ಯಾಖ್ಯಾನದ ಜಗಳ ಬೇರೆ.

ಆದ್ದರಿಂದ ಈ ಕಥೆಯ ಪತ್ತೇದಾರ ತಳಾರನಲ್ಲ, ಗ್ರಂಥಸಂಪಾದಕ. ಯಾರು ಒಯ್ದರೆಂದು ಕೇಳುವುದಕ್ಕಿಂತ ಒಯ್ಯುವಾಗ ಏನು ಜಾರಿತೆಂದು ಕೇಳುವುದು ಅವನ ಕೆಲಸ. ಒಂದೇ ಲೋಪ ಹಲವು ಪ್ರತಿಗಳಲ್ಲಿ ಕಂಡರೆ ಅವು ಒಂದೇ ತಾಯಿಯ ಮಕ್ಕಳೆಂದು ಅವನು ತಿಳಿಯುತ್ತಾನೆ. ಕನ್ನಡದ ಅಪರಾಧ ಕಾದಂಬರಿಯಲ್ಲಿ ಇಂಥ ನಾಯಕ ಇನ್ನೂ ನಮಗೆ ಎದುರಾಗಿಲ್ಲ. ಲಕ್ಷ್ಮೀಬಾಯಿಯವರಂಥ ಪಾತ್ರವೂ ಎದುರಾಗಿಲ್ಲ: ಗಂಡನೊಡನೆ ಕೂತು, ಹೊರಗೆ ಹೇಳಲಾಗದ ಕೆಲಸದಲ್ಲಿ, ಸ್ತ್ರೀಯ ಮುಕ್ತಿಯ ಮಾತು ಅಡಗಿರುವ ಗ್ರಂಥವನ್ನು ಅಕ್ಷರ ಅಕ್ಷರವಾಗಿ ಇಳಿಸುತ್ತಿರುವ ಹೆಂಗಸು. ಪದ ಜಾರಿದ್ದು ಆಕೆಯ ಮನೆಯಲ್ಲೋ ಸಹಾರನ್‌ಪುರದಲ್ಲೋ ಎಂಬುದನ್ನು ಕಲ್ಪಿಸುವ ಸ್ವಾತಂತ್ರ್ಯ ಸಂಶೋಧಕನಿಗಿಲ್ಲ, ಕಾದಂಬರಿಕಾರನಿಗಿದೆ.

ಓಲ್ಡ್ ರಾಜಿಂದರ್ ನಗರದ ಆ ಕಟ್ಟನ್ನು ನಾವು ಕೊಂಡು ತಂದು ಡಿ. ಎಲ್. ಎನ್. ಅವರ ಮುದ್ರಣದೊಡನೆ ಹೋಲಿಸಿದೆವು. ವಿದ್ಯುಚ್ಚೋರನು ಅಭಯ ಪಡೆದು ತಪ್ಪೊಪ್ಪಿಕೊಳ್ಳುವ ಭಾಗದಲ್ಲಿ ಒಂದು ಪುಟವೇ ಇರಲಿಲ್ಲ. ಪುಟಸಂಖ್ಯೆಗಳನ್ನು ಮಾತ್ರ ಯಾರೋ ಪೆನ್ನಿನಲ್ಲಿ ತಿದ್ದಿ ಅನುಕ್ರಮಕ್ಕೆ ತಂದಿದ್ದರು.